ಹಡಗು ನೋಡಲು ಬಂದ ಬೀಗರು

ನನಗೊಂದು ಕೆಟ್ಟ ಚಾಳಿ ಇದೆ. ಯಾವ ಬಾಗಿಲು ದಾಟುವಾಗಲೂ ಬಲಗಾಲನ್ನು ಮೊಳಕಾಲೆತ್ತರಕ್ಕೆ ಎತ್ತಿ, ತಲೆಯನ್ನು ಎದೆಯ ಮೇಲಿಳಿಸಿ ದಾಟುತ್ತೇನೆ. ಹೊಸ್ತಿಲು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮೊನ್ನೆ ರೋಣದ ಬ್ಯಾಂಕಿನ ಗಾಜಿನ ಬಾಗಿಲಲ್ಲಿ ಹೀಗೆ ಕಾಲೆತ್ತಿದಾಗ ಅಲ್ಲಿಯ ಕಾವಲುಗಾರ ಗಾಬರಿಯಿಂದ ನೆಲ ನೋಡಿದ. ಹಾವೋ ಚೇಳೋ ಕಂಡಿರಬೇಕು ಅಂದುಕೊಂಡನೋ ಏನೋ ಪಾಪ. ನನ್ನ ಹಿಂದೆ ಬರುತ್ತಿದ್ದ ಮೆಣಸಗಿಯ ಹಿರಿಯರೊಬ್ಬರು ಯಾಕೆ, ಏನು ಎಂದು ಕೇಳದೆ ತಾವೂ ಧೋತರ ಎತ್ತಿ ಹಿಡಿದು ಕಾಲೆತ್ತಿಯೇ ಒಳಗೆ ಬಂದರು. ಅವರ ಹಿಂದಿನವರೂ ಹಾಗೇ ಬಂದರು. ಬ್ಯಾಂಕಿನಲ್ಲಿ ಹೊಸ ಪದ್ಧತಿ ಶುರುವಾಗುವುದಕ್ಕೆ ಇನ್ನೇನು ಬೇಕು ಹೇಳಿ.

“ಕಾಲು ಇಳಸ್ರಿ, ಇದು ಮನಿ ಐತಿ, ಹಡಗಲ್ಲ,” ಎನ್ನುತ್ತಾಳೆ ನನ್ನ ಹೆಂಡತಿ ಕಸ್ತೂರಿ, ದಿನಕ್ಕೊಮ್ಮೆಯಾದರೂ. ಆದರೆ ಕಾಲು ಕೇಳಬೇಕಲ್ಲ? ಅದಕ್ಕೆ ಬುದ್ಧಿ ಕಲಿಸಿದ್ದೇ ಒಂದು ಹಡಗು. ಆ ಹಡಗಿನ ಬಾಗಿಲುಗಳೆಲ್ಲ ಕಬ್ಬಿಣದವು. ನೀರು ಒಳಗೆ ನುಗ್ಗಬಾರದೆಂದು ಕೆಳಗಿನ ಅಂಚು ಮೊಳಕಾಲಿನ ತನಕ ಎದ್ದಿರುತ್ತಿತ್ತು, ಮೇಲಿನ ಅಂಚು ಹಣೆಯ ತನಕ ಇಳಿದಿರುತ್ತಿತ್ತು. ಶುರುವಿನಲ್ಲಿ ನಾನು ಮೊಳಕಾಲು ಉಳಿಸಿಕೊಳ್ಳಲು ಹೋಗಿ ಹಣೆ ಕೊಟ್ಟೆ, ಹಣೆ ಉಳಿಸಿಕೊಳ್ಳಲು ಹೋಗಿ ಮೊಳಕಾಲು ಕೊಟ್ಟೆ. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವುದನ್ನು ಕಲಿತ ಮೇಲೆ ಮರೆಯಲಿಕ್ಕೆ ಆಗಲಿಲ್ಲ. ಹಡಗು ಎಂದೋ ಗುಜರಿಗೆ ಹೋಯಿತು. ಕಾಲು ಮಾತ್ರ ಇನ್ನೂ ಎತ್ತಿಕೊಂಡೇ ಇದೆ.

ರೋಣದವನಿಗೆ ಹಡಗೆಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ನಮ್ಮದು ಎರೆಭೂಮಿ. ಮಳೆ ಬಂದರೆ ಆ ಮಣ್ಣು ಚಪ್ಪಲಿಯನ್ನು ತಾನೇ ಇಟ್ಟುಕೊಂಡು ಕಾಲನ್ನು ಮಾತ್ರ ವಾಪಸು ಕೊಡುತ್ತದೆ. ನೀರು ಎಂದರೆ ನಮಗೆ ಕೊಡದಲ್ಲಿರಬೇಕು, ಇಲ್ಲವೇ ಬಾವಿಯಲ್ಲಿರಬೇಕು. ಓದು ಮುಗಿಸಿ ಖಾಲಿ ಕೂತಿದ್ದಾಗ ಪತ್ರಿಕೆಯಲ್ಲಿ ಕಂಡ ಎಲ್ಲ ನೌಕರಿಗೂ ಅರ್ಜಿ ಹಾಕುವ ಹವ್ಯಾಸ ನನಗಿತ್ತು. ಅದರಲ್ಲಿ ಕಸ್ಟಮ್ಸ್ ಇಲಾಖೆಯ ಹಡಗಿನ ಖಲಾಸಿ ಕೆಲಸವೂ ಒಂದು. ಖಲಾಸಿ ಎಂದರೆ ಹಗ್ಗ ಎಳೆಯುವವನು, ಡೆಕ್ ತೊಳೆಯುವವನು ಎಂಬುದು ಕರೆ ಬಂದ ಮೇಲೆ ಗೊತ್ತಾಯಿತು. ನಮ್ಮಪ್ಪ ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕೂತೇ, “ಹೋಗಿ ಬಾ, ಬರೂಮುಂದ ಒಂದಿಷ್ಟು ಉಪ್ಪು ತಗೊಂಡ ಬಾ,” ಎಂದು ಹರಸಿದರು.

ಕಾರವಾರದಲ್ಲಿ ಈಜಿನ ಪರೀಕ್ಷೆ ಇತ್ತು. ಈಜು ನನಗೆ ಚೆನ್ನಾಗಿಯೇ ಬರುತ್ತಿತ್ತು. ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವನು ನಾನು. ಆದರೆ ಬಾವಿಯಲ್ಲಿ ಕಲಿತವನಿಗೆ ಒಂದು ತೊಂದರೆ ಇದೆ. ನಾಲ್ಕು ಕೈ ಹೊಡೆಯುವಷ್ಟರಲ್ಲಿ ಗೋಡೆ ಬರುತ್ತದೆ, ಅವನು ಎಡಕ್ಕೆ ಹೊರಳುತ್ತಾನೆ. ಹೊರಳಿ ಹೊರಳಿ ಅದು ಮೈಗೆ ಹತ್ತಿಬಿಡುತ್ತದೆ. ಸಮುದ್ರದಲ್ಲಿ ಗೋಡೆ ಇಲ್ಲವೆಂಬುದು ನನ್ನ ತಲೆಗೆ ಗೊತ್ತಿತ್ತು, ಕೈಕಾಲಿಗೆ ಗೊತ್ತಿರಲಿಲ್ಲ. ದೋಣಿಯಿಂದ ಹಾರಿ ದಡಕ್ಕೆ ಈಜು ಎಂದರೆ ನಾನು ದೋಣಿಯ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಇದ್ದೆ. ಮೊದಲ ಸುತ್ತಿಗೆ ಎಲ್ಲರೂ ನಕ್ಕರು, ಆಮೇಲೆ ಬೇಸರಗೊಂಡರು. ಕೊನೆಗೆ ಸಾಹೇಬರು, “ಇವನು ಮುಳುಗುವುದಿಲ್ಲ, ಎಲ್ಲಿಗೂ ಹೋಗುವುದೂ ಇಲ್ಲ. ನಮ್ಮ ಹಡಗಿಗೆ ಸರಿಯಾದ ಮನುಷ್ಯ,” ಎಂದು ತೇರ್ಗಡೆ ಮಾಡಿದರು.

ಸಾಹೇಬರ ಆ ಮಾತಿನ ಅರ್ಥ ಹಡಗು ಕಂಡ ಮೇಲೆ ತಿಳಿಯಿತು. ಅದು ಮೊದಲು ನೌಕಾಪಡೆಯ ಹಡಗು. ವಯಸ್ಸಾಯಿತೆಂದು ನೌಕಾಪಡೆಯವರು ಕೈಬಿಟ್ಟಾಗ, ಕಳ್ಳಸಾಗಣೆ ತಡೆಯಲು ಇರಲಿ ಎಂದು ಕಸ್ಟಮ್ಸಿಗೆ ಕೊಟ್ಟಿದ್ದರು. ಕೊಡುವ ಮುಂಚೆ ಮೂತಿಯ ಮೇಲಿದ್ದ ತೋಪನ್ನು ಬಿಚ್ಚಿಕೊಂಡಿದ್ದರು. ತೋಪು ಹೋದದ್ದೇ ಮೂತಿ ಹಗುರಾಗಿ ಮೇಲೆದ್ದಿತಂತೆ. ಅದನ್ನು ಕೆಳಗಿಳಿಸಲು ಸಿಮೆಂಟಿನ ಗಟ್ಟಿಗಳನ್ನು ಹೇರಿದ್ದರು. ಬೂದಿ ಬಣ್ಣದ ಮೇಲೆ ಬಿಳಿ ಬಣ್ಣ ಬಳಿದಿದ್ದರು, ಒಂದು ಚಕ್ಕೆ ಎದ್ದರೆ ಸಾಕು ಒಳಗಿನ ಬೂದಿ ಇಣುಕುತ್ತಿತ್ತು. ಅದರ ಇಂಜಿನ್ನು ಬಿಸಿಯಾಗಿ, ಕೆಮ್ಮಿ, ಹೊಗೆ ಉಗುಳಿ ಹೊರಡುವಷ್ಟರಲ್ಲಿ ಕಳ್ಳ ಲಾಂಚಿನವರು ಚಹಾ ಕಾಸಿ ಕುಡಿದು ಲೋಟ ತೊಳೆದಿಟ್ಟು ಹೋಗಬಹುದಿತ್ತು. ಅಷ್ಟಾದರೂ ದೂರದಿಂದ ಅದರ ಮೂತಿ ಕಂಡರೆ ಹೆದರಿಕೆ ಬರುತ್ತಿತ್ತು. ನಾವು ಹಿಡಿದ ನಾಲ್ಕಾರು ಲಾಂಚುಗಳು ಹೆದರಿ ನಿಂತವೇ ಹೊರತು ಓಡಿ ಸಿಕ್ಕವಲ್ಲ.

ಊರಿನಲ್ಲಿ ಮಾತ್ರ ನನಗೆ ಬೇರೆಯದೇ ಬೆಲೆ ಬಂದಿತ್ತು. ಕಸ್ಟಮ್ಸಿನವನೆಂದರೆ ಅವನ ಟ್ರಂಕಿನಲ್ಲಿ ಫಾರಿನ್ ಗಡಿಯಾರ, ಟೇಪ್ ರೆಕಾರ್ಡರು, ಮಿರಮಿರ ಮಿಂಚುವ ಶರ್ಟಿನ ಅರಿವೆ ಇರಲೇಬೇಕೆಂದು ರೋಣದ ಜನ ನಂಬಿದ್ದರು. “ಹಿಡದ ಮಾಲು ಎಲ್ಲಿಗಿ ಹೋಗತೈತಪಾ?” ಎಂದು ದನಿ ತಗ್ಗಿಸಿ ಕೇಳುತ್ತಿದ್ದರು. “ಸರಕಾರಕ್ಕ ಹೋಗತೈತ್ರಿ,” ಎಂದರೆ ಕಣ್ಣು ಮಿಟುಕಿಸಿ, “ಹೌದ ಹೌದ, ಸರಕಾರಕ್ಕ,” ಎನ್ನುತ್ತಿದ್ದರು. ಖರೇ ಹೇಳಬೇಕೆಂದರೆ ರಜೆಗೆ ಬಂದಾಗ ನಾನು ಊರಿಗೆ ತರುತ್ತಿದ್ದ ಫಾರಿನ್ ವಸ್ತು ಒಂದೇ: ನನ್ನ ಅರಿವೆಗೆ ಹತ್ತಿದ ಮೀನಿನ ವಾಸನೆ. ಅವ್ವ ನನ್ನ ಟ್ರಂಕನ್ನು ಹಿತ್ತಲಲ್ಲೇ ಇಡಿಸಿಕೊಂಡು, ಅರಿವೆಯನ್ನೆಲ್ಲ ಸೀಗೆಕಾಯಿಯಲ್ಲಿ ನೆನೆಹಾಕಿದ ಮೇಲೆಯೇ ನನ್ನನ್ನು ಮಾತಾಡಿಸುತ್ತಿದ್ದಳು. ನಾವು ಮೀನು, ಮಾಂಸ ಮುಟ್ಟುವ ಮನೆತನದವರಲ್ಲ. ಹಡಗಿನಲ್ಲೂ ನಾನು ಮುಟ್ಟಲಿಲ್ಲ. ಊರಿಂದ ಒಯ್ದ, ಹಲಗೆಯಂತೆ ಒಣಗಿದ ಖಟಿ ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೊಂಡು ಉಳಿದವರ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ. ಅವರು ನನ್ನ ರೊಟ್ಟಿಯನ್ನು ಬಾರಿಸಿ ನೋಡಿ, “ಇದನ್ನು ತಿನ್ನುತ್ತೀಯೋ, ಹಡಗಿನ ತೂತು ಮುಚ್ಚುತ್ತೀಯೋ?” ಎಂದು ಕೇಳುತ್ತಿದ್ದರು.

ಹಾಗೆ ಕೇಳುವವರ ಮುಖಂಡ ಇಬ್ರಾಹಿಂ ಚಾಚಾ. ಖಲಾಸಿಗಳ ಮೇಲಿನ ತಾಂಡೇಲ ಆತ. ಕಾರವಾರದ ಪಕ್ಕದ ಕಡಲೂರಿನವನು, ಬಿಳಿಗಡ್ಡ, ಭಾರಿ ದನಿ. ಲಾಂಚು ತಪಾಸಣೆ ಮಾಡುವುದನ್ನು ನನಗೆ ಕಲಿಸಿದವನು ಆತನೇ. ಮೊದಮೊದಲು ನಾನು ಹಲಗೆ ಬಡಿದು, ಪೀಪಾಯಿ ಉರುಳಿಸಿ ಬೆವರುತ್ತಿದ್ದೆ. ಚಾಚಾ ಮಾತ್ರ ಬೀಡಿ ಹಚ್ಚಿಕೊಂಡು ಲಾಂಚಿನವರ ಮುಖ ನೋಡುತ್ತಾ ಕೂತಿರುತ್ತಿದ್ದ. “ಮಾರಾಯಾ, ಹಲಗೆ ಬಡಿದರೆ ಹಲಗೆ ಮಾತಾಡುತ್ತದಾ? ಇವರು ಎಲ್ಲ ಕಡೆ ನೋಡುತ್ತಾರೆ, ಒಂದು ಕಡೆ ಮಾತ್ರ ನೋಡುವುದಿಲ್ಲ. ಮಾಲು ಅಲ್ಲಿರುತ್ತದೆ,” ಎನ್ನುತ್ತಿದ್ದ. ಎಷ್ಟೋ ಸಲ ಅಲ್ಲಿ ಏನೂ ಇರುತ್ತಿರಲಿಲ್ಲ. ಇದ್ದ ದಿನ ಮಾತ್ರ ಸಂಜೆಯ ತನಕ ಅದನ್ನೇ ಹೇಳಿ ನಮ್ಮನ್ನು ಸುಸ್ತು ಮಾಡುತ್ತಿದ್ದ.

ಇನ್ನು ಮದುವೆಯ ಮಾತು. ನೌಕರಿ ಸಿಕ್ಕಿದ್ದೇ ನನಗೆ ಹೆಣ್ಣು ಹುಡುಕುವ ಉಸ್ತುವಾರಿಯನ್ನು ನರಗುಂದದ ಸೋದರಮಾವ ಹೊತ್ತುಕೊಂಡ. ನರಗುಂದದ ಗುಡ್ಡದ ಬುಡದಲ್ಲಿ ಹುಟ್ಟಿದವನಾದ್ದರಿಂದ ಅವನಿಗೆ ಕೋಟೆ, ತೋಪು, ಯುದ್ಧ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. “ನಮ್ಮ ಹುಡುಗ ಯುದ್ಧದ ಹಡಗಿನ್ಯಾಗ ಇರತಾನ್ರಿ,” ಎಂದು ಶುರುಮಾಡುತ್ತಿದ್ದ. ಮಂದಿ, ಓಹೋ ಎನ್ನುತ್ತಿದ್ದರು. ಆಮೇಲೆ ಯಾರಾದರೊಬ್ಬರು, “ಮತ್ತ ಮನಿ ಎಲ್ಲೈತಿ?” ಎಂದು ಕೇಳಿದರೆ ಸಂಬಂಧ ಅಲ್ಲಿಗೆ ಮುಗಿಯಿತು. ನೀರಿನ ಮೇಲಿರುವವನಿಗೆ ಹೆಣ್ಣು ಕೊಡುವುದೂ ಬಾವಿಗೆ ನೂಕುವುದೂ ಒಂದೇ ಎಂದು ಇಟಗಿಯ ಒಬ್ಬರು ಮುಖಕ್ಕೇ ಹೇಳಿದ್ದರು.

ಹೀಗಿರುವಾಗ ಗಜೇಂದ್ರಗಡದ ವಿರೂಪಾಕ್ಷಪ್ಪನವರ ಮಗಳನ್ನು ನೋಡಲು ಹೋದೆವು. ಅವರು ನೇಕಾರರು. ನಡುಮನೆಯಲ್ಲೇ ಕುಣಿಮಗ್ಗ. ನಾವು ಕೂತಲ್ಲಿಗೆ ಶಿರಾ, ಉಪ್ಪಿಟ್ಟು ಬಂತು. ಉಪ್ಪಿಟ್ಟು ಬಾಯಿಗಿಟ್ಟೆ, ಕಣ್ಣಲ್ಲಿ ನೀರು ಬಂತು. ಅಷ್ಟು ಉಪ್ಪು. ಮಾವನ ಕಡೆ ನೋಡಿದರೆ ಅವನು ಯುದ್ಧಕ್ಕೆ ಹೊರಟವನ ಹಾಗೆ ಮುಖ ಗಟ್ಟಿ ಮಾಡಿಕೊಂಡು ನುಂಗುತ್ತಿದ್ದ. ಅಷ್ಟರಲ್ಲಿ ಹುಡುಗಿ ಬಂದು ಕೂತಳು. ವಿರೂಪಾಕ್ಷಪ್ಪನವರು, “ನೀನೂ ಏನರ ಕೇಳೂದಿದ್ರ ಕೇಳವಾ,” ಎಂದರು. ಕೇಳಲಾರಳು ಎಂಬ ಧೈರ್ಯದಿಂದ ಅಂದದ್ದು. ಅವಳು ತಲೆಯೆತ್ತಿ ನೇರವಾಗಿ ನನ್ನನ್ನೇ ಕೇಳಿದಳು.

“ಸಮುದ್ರದ ನೀರು ಎಷ್ಟು ಉಪ್ಪಿರತಾವ್ರಿ?”

ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. “ಈ ಉಪ್ಪಿಟ್ಟಿಗಿಂತ ಸ್ವಲ್ಪ ಕಡಿಮಿ ಇರತಾವ್ರಿ,” ಎಂದುಬಿಟ್ಟೆ.

ಮಾವ ನನ್ನ ಕಾಲು ತುಳಿದ. ಆಗ ಅಡುಗೆಮನೆಯ ಬಾಗಿಲಲ್ಲಿ ಒಂದು ಮುದಿ ದನಿ ಖೊಕ್ಕೆಂದು ನಕ್ಕಿತು. “ಉಪ್ಪು ನಾ ಹಾಕಿದ್ದೆ. ಆಮ್ಯಾಲ ಇಕಿನೂ ಹಾಕ್ಯಾಳ,” ಎಂದು ಒಪ್ಪಿಕೊಂಡಿತು. ಅದು ಹುಡುಗಿಯ ಆಯಿ, ವಿರೂಪಾಕ್ಷಪ್ಪನವರ ತಾಯಿ ನೀಲವ್ವ. ಕಸ್ತೂರಿ ಸೆರಗು ಬಾಯಿಗೊತ್ತಿಕೊಂಡು ನಗು ತಡೆಯಲು ನೋಡಿದಳು, ಆಗದೆ ಜೋರಾಗಿಯೇ ನಕ್ಕಳು. ಆ ನಗೆ ಕೇಳಿದ್ದೇ ನನ್ನ ಕೆಲಸ ಮುಗಿಯಿತು. ಮದುವೆಯಾದರೆ ಇವಳನ್ನೇ, ಇಲ್ಲವಾದರೆ ಆ ಮುದಿ ಹಡಗಿನ ಜೊತೆಗೇ ಜನ್ಮ ಕಳೆಯುವುದು ಎಂದು ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ನಿಂತು ನಿಶ್ಚಯ ಮಾಡಿಕೊಂಡೆ.

ನಿಶ್ಚಯ ನನ್ನದು, ನಿರ್ಣಯ ವಿರೂಪಾಕ್ಷಪ್ಪನವರದು. ಬೆಳವಣಕಿಯ ಒಬ್ಬ ಹುಡುಗನ ಕಡೆಯಿಂದಲೂ ಅವರಿಗೆ ಮಾತು ಬಂದಿತ್ತು. ಎರೆಹೊಲ, ಜೋಡೆತ್ತು, ಪೂರ್ವಕ್ಕೆ ಬಾಗಿಲಿದ್ದ ಹೆಂಚಿನ ಮನೆ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಮನೆ ನೋಡುವ ಪದ್ಧತಿ ಇದೆಯಲ್ಲ, ಹಾಗೆ ಅವರು ಬೆಳವಣಕಿಯ ಮನೆ ನೋಡಿ ಬಂದರು. ಆಮೇಲೆ, “ಹಡಗಿನ ಹುಡುಗನ ಮನಿನೂ ನೋಡೂಣು,” ಎಂದು ಹೇಳಿಕಳಿಸಿದರು. ಮದುವೆಯಾದ ಮೇಲೆ ಕಾರವಾರದಲ್ಲಿ ಬಾಡಿಗೆಗೆ ಮನೆ ಹಿಡಿಯುತ್ತೇನೆ ಎಂದು ನಾನು ತಿಳಿಸಿದೆ. ಹಿಡಿದಾಗ ಹಿಡಿಯಲಿ, ಈಗ ಎಲ್ಲಿರುತ್ತಾನೋ ಅದನ್ನು ತೋರಿಸಲಿ ಎಂದರು. ನಾನಾಗ ಹಡಗಿನಲ್ಲೇ ಮಲಗಿ ಏಳುತ್ತಿದ್ದೆ. ಮಾವ ಬೇರೆ, “ಬರ್ರಿ ಬರ್ರಿ, ತೋಪಿನ ಕಟ್ಟಿ ಐತಿ, ಮದ್ದಿನ ಮನಿ ಐತಿ, ರಾಜರ ವಾಡೇನ ಅದು,” ಎಂದು ಆಮಂತ್ರಣವನ್ನೇ ಕೊಟ್ಟುಬಿಟ್ಟಿದ್ದ.

ಸಾಹೇಬರ ಅಪ್ಪಣೆ ಕೇಳಿದೆ. ಸರಕಾರಿ ಹಡಗಿನ ಮೇಲೆ ಬೀಗರನ್ನು ಕರೆತರಬಹುದೆಂಬ ನಿಯಮ ಇಲ್ಲ, ಕರೆತರಬಾರದೆಂಬ ನಿಯಮವನ್ನು ತಾವು ಆ ದಿನ ಓದುವುದಿಲ್ಲ ಎಂದು ಹೇಳಿ ಅವರು ದಡದ ಆಫೀಸಿಗೆ ಹೋಗಿ ಕೂತರು.

ನಿಜವಾದ ತೊಂದರೆ ಮೀನಿನದು. ಆಯಿಯೂ ಬರುತ್ತಾಳೆಂದು ಸುದ್ದಿ ಬಂದಿತ್ತು. ಮನೆ ನೋಡಲು ಬಂದ ಹೆಂಗಸು ಮೊದಲು ನೋಡುವುದು ಒಲೆ. ನಮ್ಮ ಹಡಗಿನ ಒಲೆ ಎಂದರೆ ಬಂಗುಡೆ ಹುರಿದು ಹುರಿದು ಕಪ್ಪಾದದ್ದು. ನಾನು ಅಳುಮುಖ ಮಾಡಿ ಚಾಚಾನ ಮುಂದೆ ಕೂತೆ. ಆತ ಬೀಡಿ ಕೆಳಗಿಟ್ಟು, “ಬೀಗರು ಹೋಗುವ ತನಕ ಮೀನು ಬಂದ್,” ಎಂದು ಕೂಗಿದ. ಮೀನಿಲ್ಲದೆ ತುತ್ತು ಇಳಿಯದ ಆ ಮಂದಿ ಹಿಂದಿನ ದಿನದಿಂದಲೇ ನನ್ನ ಖಟಿ ರೊಟ್ಟಿ ಕಡಿಯುತ್ತಾ, ನನ್ನನ್ನು ಬೈಯುತ್ತಾ, ಅಡುಗೆಮನೆಯನ್ನು ಸೋಡಾ ಹಾಕಿ ತಿಕ್ಕಿದರು. ಒಣಮೀನಿನ ಚೀಲಗಳದೇ ಸಮಸ್ಯೆ. ದಡದಲ್ಲಿಟ್ಟರೆ ಬೆಕ್ಕಿನ ಪಾಲು, ಇಲ್ಲವೇ ಪಕ್ಕದ ಹಡಗಿನವರ ಪಾಲು. ಕೊನೆಗೆ ತೋಪಿನ ಕಟ್ಟೆಯ ಕೆಳಗಿದ್ದ ಹಳೆಯ ಮದ್ದಿನ ಕೋಣೆಯಲ್ಲಿ ಅವನ್ನು ತುಂಬಿ, ದಪ್ಪ ಕಬ್ಬಿಣದ ಬಾಗಿಲು ತಿರುಪಿ ಮುಚ್ಚಿದರು. ನೌಕಾಪಡೆಯವರು ಗುಂಡು ಇಟ್ಟ ಕೋಣೆಯಲ್ಲಿ ಕಳ್ಳಸಾಗಣೆ ಹಿಡಿಯುವವರು ಕಳ್ಳಮಾಲು ಇಟ್ಟ ಹಾಗಾಯಿತು.

ಬೀಗರು ಮಾವನ ಜೊತೆ ಬಂದರು. ವಿರೂಪಾಕ್ಷಪ್ಪನವರು ಘಟ್ಟದ ತಿರುವುಗಳಲ್ಲಿ ಹಣ್ಣಾಗಿ ಕೈಯಲ್ಲೊಂದು ನಿಂಬೆಹಣ್ಣು ಹಿಡಿದಿದ್ದರು. ಹಡಗು ದಡಕ್ಕೆ ಹತ್ತಿರದ ನೀರಿನಲ್ಲಿ ಲಂಗರು ಹಾಕಿ ನಿಂತಿತ್ತು. ಸಣ್ಣ ದೋಣಿಯಲ್ಲಿ ಹೋಗಿ ಹಗ್ಗದ ಏಣಿ ಹತ್ತಬೇಕು. ಅವರು ಹೇಗೋ ಹತ್ತಿದರು, ಮಾವ ನಾಲ್ಕು ಸಲ ಜಾರಿ ಹತ್ತಿದ. ಆಯಿಯನ್ನು ಮಾತ್ರ ಕುರ್ಚಿಗೆ ಕೂರಿಸಿ, ಹಗ್ಗ ಕಟ್ಟಿ, ಸಾಮಾನು ಎತ್ತುವ ಹಾಗೆ ಮೇಲೆಳೆದರು. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಸರಿಮಾಡಿಕೊಳ್ಳುತ್ತಾ, ನೀರಿನ ಮೇಲೆ ತೂಗಾಡುತ್ತಾ, “ಹಿಂಗ ಹಾರಿಕೊಂತ ಹೋಗಿ ಮಂದಿ ಮನಿ ನೋಡಿದಾಕಿ ಗಜೇಂದ್ರಗಡದಾಗ ನಾ ಒಬ್ಬಾಕಿನ ನೋಡು,” ಎಂದು ಆಕೆ ಮಗನಿಗೆ ಕೂಗಿ ಹೇಳಿದಳು.

ಹುಡುಗನ ಕಡೆಯ ಹಿರಿಯನಾಗಿ ಚಾಚಾ ಹೊಸ ಲುಂಗಿ ಉಟ್ಟು ನಿಂತಿದ್ದ. ವಿರೂಪಾಕ್ಷಪ್ಪನವರ ಮೊದಲ ಪ್ರಶ್ನೆ, “ತಲಬಾಗಲಾ ಯಾ ದಿಕ್ಕಿಗೈತ್ರಿ?”

ಚಾಚಾ ಸೂರ್ಯನನ್ನು ನೋಡಿ, “ಪೂರ್ವಕ್ಕೆ,” ಎಂದ. ಅದು ನಿಜವೂ ಆಗಿತ್ತು. ವಿರೂಪಾಕ್ಷಪ್ಪನವರ ಮುಖ ಅರಳಿತು. ಹಗ್ಗಗಳನ್ನು ಬೆರಳಲ್ಲಿ ಹೊಸೆದು ನೋಡಿದರು, ಬಾವುಟದ ಅರಿವೆಯ ಎಳೆ ಎಣಿಸಿ ಹಗುರ ನೇಯ್ಗೆ ಎಂದರು. ಹಿಂದೆ ಈ ಮನೆಯಲ್ಲಿದ್ದವರು ಯಾಕೆ ಬಿಟ್ಟು ಹೋದರು, ಒಳಗೆ ಯಾರಾದರೂ ಸತ್ತಿದ್ದಾರೋ ಎಂದು ವಿಚಾರಿಸಿದರು. “ನೌಕಾಪಡೆಯವರು ದೊಡ್ಡ ಮನೆ ಕಟ್ಟಿಕೊಂಡರು, ಅದಕ್ಕೇ ಬಿಟ್ಟರು,” ಎಂದ ಚಾಚಾ. ಚಹಾ ಆಯಿತು, ಅವಲಕ್ಕಿ ಆಯಿತು, ಮಾವ ತೋಪಿಲ್ಲದ ಕಟ್ಟೆಯ ಮೇಲೆ ನಿಂತು ತೋಪಿನ ವರ್ಣನೆ ಮಾಡಿದ್ದೂ ಆಯಿತು. ಅಷ್ಟರಲ್ಲಿ ಕಡಲಿನ ಇಳಿತ ಶುರುವಾಗಿತ್ತು. ಲಂಗರು ಹಾಕಿ ನಿಂತ ಹಡಗು ನೀರು ಹರಿದ ಕಡೆ ಮೆಲ್ಲಗೆ ಹೊರಳುತ್ತದೆ. ನಮಗದು ದಿನದ ಮಾತು. ಲೋಟ ಕೆಳಗಿಟ್ಟು ತಲೆಯೆತ್ತಿದ ವಿರೂಪಾಕ್ಷಪ್ಪನವರಿಗೆ ಎಡಗಡೆ ಇದ್ದ ಗುಡ್ಡ ಬಲಗಡೆ ಕಂಡಿತು.

“ಅವ್ವಾ! ಮನಿ ತಿರಗೇತಿ!”

“ತಿರಗಲಿ ಬಿಡ್ರಿ,” ಎಂದ ಮಾವ ಕೂಡಲೇ, “ಬೆಳವಣಕಿ ಮನಿಗೆ ಒಂದ ದಿಕ್ಕು. ಇಲ್ಲಿ ದಿನಾ ಎಲ್ಲಾ ದಿಕ್ಕಿನ ಫಲ.”

“ದಕ್ಷಿಣದ್ದೂ ಬರತೈತಲ್ಲ!”

“ದಕ್ಷಿಣಕ್ಕ ಬಂದಾಗ ಒಳಗ ಹೋಗಬಾರದ್ರಿ, ಅಷ್ಟ.”

ವಿರೂಪಾಕ್ಷಪ್ಪನವರು ನಿಂಬೆಹಣ್ಣು ಮೂಸುತ್ತಾ ಕೂತುಬಿಟ್ಟರು. ತಳವಿಲ್ಲದ ಮನೆ, ದಿಕ್ಕಿಲ್ಲದ ಬಾಗಿಲು, ತೋಪಿಲ್ಲದ ಕಟ್ಟೆ. ಅವರ ಮನಸ್ಸು ಬೆಳವಣಕಿಗೆ ನಡೆದುಕೊಂಡು ಹೋಗುವುದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಆಯಿ ಎಲ್ಲಿ ಎಂದು ನೋಡಿದರೆ ಕೆಳಗಿಳಿದಿದ್ದಳು. ಓಡಿದೆ. ಆಕೆ ಆಗಲೇ ಅಡುಗೆಮನೆಯ ಒಲೆಗೆ ಬೆರಳು ತಿಕ್ಕಿ ನೋಡಿ, ತಲೆಯಾಡಿಸಿ, ನಾವು ಮಲಗುವ ತೊಟ್ಟಿಲಂಥ ಹಾಸಿಗೆಗಳನ್ನು ಒತ್ತಿ ನೋಡಿ ಮುಗಿಸಿದ್ದಳು. ಅಡುಗೆಯವನೂ ಇಬ್ಬರು ಖಲಾಸಿಗಳೂ ಹಿಂದೆಯೇ ನಿಂತು, ನೀರಿನ ಟಾಕಿ ಇಲ್ಲಿದೆ ನೋಡಿ, ಕಂದೀಲು ಅಲ್ಲಿದೆ ನೋಡಿ ಎಂದು ಪೈಪೋಟಿಯಿಂದ ತೋರಿಸುತ್ತಿದ್ದರು. ಆಯಿ ನನ್ನನ್ನು ಕಂಡು, “ಬಾ ಇಲ್ಲೆ,” ಎಂದಳು.

“ಎಲ್ಲಾ ತೋರಿಸಿದ್ರು ತಮ್ಮಾ. ಆ ದಪ್ಪ ಬಾಗಲಾ ಕಡೆ ಮಾತ್ರ ಒಬ್ಬರೂ ನೋಡವಲ್ರು. ಯಾಕ?”

ಚಾಚಾ ಹೇಳಿಕೊಟ್ಟ ವಿದ್ಯೆಯನ್ನು ಗಜೇಂದ್ರಗಡದ ಮುದುಕಿ ಕಲಿಯದೇ ಬಲ್ಲವಳಾಗಿದ್ದಳು. ಅಡುಗೆಯವನು ಚಾವಣಿ ನೋಡಿದ, ಖಲಾಸಿಗಳು ಕಾಲ ಬೆರಳು ನೋಡಿಕೊಂಡರು. “ಅದು ಹಳೇ ಮದ್ದಿನ ಕ್ವಾಣಿ ರಿ ಆಯಿ,” ಎಂದೆ.

“ತಗಿ.”

ತೆಗೆದೆ. ತೆಗೆಯದೆ ಏನು ಮಾಡಲಿ? ಬಾಗಿಲು ಬೆರಳಷ್ಟು ಸರಿಯುವುದೇ ತಡ, ಒಳಗಿನ ವಾಸನೆ ದಿನವಿಡೀ ಕೂಡಿಹಾಕಿದ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತಾ ಹೊರಬಂತು. ಆಯಿ ಎರಡು ಹೆಜ್ಜೆ ಹಿಂದೆ ಸರಿದು ಸೆರಗನ್ನು ಮೂಗಿಗೆ ಹಿಡಿದಳು. ಇನ್ನು ಮುಗಿಯಿತು ಅಂದುಕೊಂಡೆ. ಬೆಳವಣಕಿಯಲ್ಲಿ ಹಂದರ ಹಾಕಿದ್ದು, ಕಸ್ತೂರಿ ತಲೆತಗ್ಗಿಸಿ ಕೂತಿದ್ದು, ಎಲ್ಲ ಆ ಕ್ಷಣದಲ್ಲೇ ಕಂಡೆ.

“ಇದ ಏನು ಮದ್ದು?”

“ಒಣಮೀನ್ರಿ ಆಯಿ.”

“ನೀ ತಿಂತೀಯೇನು?”

“ಇಲ್ರಿ. ತಿನ್ನಾವರ ಬಾಜೂಕ ಕುಂತು ರೊಟ್ಟಿ ತಿಂತೇನ್ರಿ.”

ಆಕೆ ನನ್ನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಅಡುಗೆಯವನ ಕಡೆ ತಿರುಗಿ, “ಮತ್ತ ನೀವು ಇವತ್ತ ಏನ ತಿಂದೀರಪಾ?” ಎಂದು ಕೇಳಿದಳು.

ಅವನು ದವಡೆ ಸವರಿಕೊಂಡು, “ಇವನ ರೊಟ್ಟಿ, ಅಮ್ಮಾ,” ಎಂದ. “ನಿನ್ನೆಯಿಂದ ಅದೇ. ಹಲ್ಲು ನೋಯುತ್ತದೆ.”

“ಎಲ್ಲಾರೂ?”

“ಎಲ್ಲರೂ. ಇವನಿಗೆ ಹೆಣ್ಣು ಸಿಗಲಿ ಅಂತ.”

ಆಯಿ ಸೆರಗನ್ನು ಮೂಗಿನಿಂದ ತೆಗೆದಳು. “ನಾ ದೋಣಿ ಇಳದ ಕೂಡ್ಲೆ ಅಡಗಿ ಮಾಡ್ಕೋರಿ. ದುಡಿಯೋ ಮಂದಿ ಹಸದ ಕುಂದ್ರಬಾರ್ದು,” ಎಂದು ಹೇಳಿ, ಬಾಗಿಲನ್ನು ತಾನೇ ನೂಕಿ, “ಮುಚ್ಚು ಲಗೂ,” ಎಂದು ನನಗೆ ಕಣ್ಣಲ್ಲೇ ಗದರಿಸಿದಳು. ಅಷ್ಟರಲ್ಲಿ ಏಣಿಯ ಮೇಲೆ ವಿರೂಪಾಕ್ಷಪ್ಪನವರ ಕಾಲು ಕಂಡಿತು.

“ಏನವ್ವಾ ಅದು? ಏನೈತಿ ಆ ಕ್ವಾಣ್ಯಾಗ?”

“ಏನಿಲ್ಲ. ಖಾಲಿ ಐತಿ. ತೊಳದ ಇಟ್ಟಾರ.”

“ಏನೋ ವಾಸನಿ ಬರತೈತಲ್ಲ?”

“ಸಮುದ್ರ ಮತ್ತೇನು ನಾರತೈತಿ, ಮಲ್ಲಿಗಿ? ಆ ನಿಂಬಿಹಣ್ಣ ಮೂಸು, ನಡಿ ಮ್ಯಾಲ.”

ನಾನು ಎಷ್ಟೋ ಲಾಂಚುಗಳನ್ನು ತಪಾಸಣೆ ಮಾಡಿದ್ದೇನೆ, ಸುಳ್ಳು ಹೇಳುವವರ ಮುಖಗಳನ್ನು ಹತ್ತಿರದಿಂದ ನೋಡಿದ್ದೇನೆ. ಕಣ್ಣು ಮಿಟುಕುತ್ತದೆ, ತುಟಿ ಒಣಗುತ್ತದೆ, ಏನಾದರೊಂದು ಆಗಿಯೇ ಆಗುತ್ತದೆ. ಆಯಿಯ ಮುಖದಲ್ಲಿ ಏನೂ ಆಗಲಿಲ್ಲ. ಡೆಕ್ ಮೇಲೆ ಬಂದು ಕುರ್ಚಿಯಲ್ಲಿ ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಆಕೆ ತೀರ್ಪು ಕೊಟ್ಟಳು.

“ನೋಡು ವಿರುಪಾಕ್ಷಿ, ಬೆಳವಣಕ್ಯಾಗ ಗ್ವಾಡಿ ಚಲೋ ಇದ್ದವು, ಖರೇ. ಆದ್ರ ನಾವು ಹೋದ ದಿನ ಬಾಜೂ ಮನಿಯವರು ಒಂದ ಚರಿಗಿ ನೀರ ಕೊಟ್ಟಿರಲಿಲ್ಲ. ಮನಿ ನೋಡೂದಂದ್ರ ಓಣಿ ನೋಡಬೇಕು. ಇಲ್ಲೆ ಓಣಿ ಭಾಳ ಚಲೋ ಐತಿ. ಹುಡುಗನೂ ಭಾಳ ಶ್ಯಾಣ್ಯಾ ಅದಾನ. ಕೊಡೂಣು.”

“ಮತ್ತ ಬಾಗಲಾ ತಿರಗೂದು?” ಎಂದರು ವಿರೂಪಾಕ್ಷಪ್ಪನವರು, ಅಳುವ ದನಿಯಲ್ಲಿ.

“ತಿರಗಲಿ. ನೀನೂ ದಿನಾ ಕುಂತಲ್ಲೆ ಕುಂತು ನೇದು ಎಷ್ಟು ಕಡದ ಗುಡ್ಡೆ ಹಾಕಿದಿ?”

ಅಷ್ಟಕ್ಕೆ ವಿರೂಪಾಕ್ಷಪ್ಪನವರು ನಿಂಬೆಹಣ್ಣನ್ನು ಕಿಸೆಗೆ ಹಾಕಿ ಹೂಂ ಎಂದರು. ಮಾವ ತೋಪಿನ ಕಟ್ಟೆಯಿಂದ ಜಿಗಿದು ಚಾಚಾನನ್ನು ತಬ್ಬಿಕೊಂಡ. ಚಾಚಾ ಸಕ್ಕರೆ ತರಲು ಅಡುಗೆಯವನಿಗೆ ಕೂಗು ಹಾಕಿದ. ನಾನು ಏನು ಮಾಡಿದೆನೋ ನೆನಪಿಲ್ಲ. ಸಂತೋಷಕ್ಕೆ ಅಳುಬಂದಿತ್ತು ಎಂಬುದಷ್ಟು ನೆನಪಿದೆ. ಅಡುಗೆಯವನು ನನ್ನ ಬೆನ್ನು ತಟ್ಟಿ, ಇನ್ನು ಮೇಲೆ ಆ ರೊಟ್ಟಿಯನ್ನು ನೀನೊಬ್ಬನೇ ತಿನ್ನು ಎಂದ.

ಬೀಗರನ್ನು ದಡಕ್ಕೆ ಬಿಡಲು ದೋಣಿಯಲ್ಲಿ ನಾನೂ ಹೋದೆ. ವಿರೂಪಾಕ್ಷಪ್ಪನವರೂ ಮಾವನೂ ಮುಂದೆ ನಡೆದರು. ಮಾವ ಮದುವೆಯ ದಿನ ಗರ್ನಾಲು ಎಷ್ಟು ಹಾರಿಸಬೇಕೆಂದು ಆಗಲೇ ಯೋಜನೆ ಹಾಕುತ್ತಿದ್ದ. ಆಯಿ ಹಿಂದೆ ಉಳಿದು ನನ್ನ ಮುಂಗೈ ಹಿಡಿದುಕೊಂಡಳು.

“ಇವತ್ತ ನಿನ್ನ ಸಲುವಾಗಿ ಎರಡು ಸುಳ್ಳ ಹೇಳೇನಿ, ತಮ್ಮಾ. ಕ್ವಾಣಿ ಖಾಲಿ ಐತಿ ಅಂದದ್ದ ಒಂದು. ಹುಡುಗ ಭಾಳ ಶ್ಯಾಣ್ಯಾ ಅದಾನ ಅಂದದ್ದ ಇನ್ನೊಂದು. ಮೊದಲಿಂದು ನನ್ನ ಮ್ಯಾಲಿರಲಿ, ನಾ ಹ್ಯಾಂಗರ ದೇವರಿಗಿ ಹೇಳ್ಕೋತೇನಿ. ಎರಡನೇದ್ದು ಖರೇ ಮಾಡೂದು ನಿನ್ನ ಕೆಲಸ.”

ಕಸ್ಟಮ್ಸಿನ ಕೆಲಸದಿಂದ ನಿವೃತ್ತನಾಗಿ ರೋಣಕ್ಕೆ ಬಂದು ಕೂತಿದ್ದೇನೆ. ಆಯಿ ಒಪ್ಪಿಸಿದ ಕೆಲಸದಿಂದ ಮಾತ್ರ ಇನ್ನೂ ಬಿಡುಗಡೆ ಸಿಕ್ಕಿಲ್ಲ. ಇಷ್ಟನ್ನು ಬರೆದು ಕಸ್ತೂರಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಕೇಳಿದಳು. ಉಪ್ಪಿಟ್ಟಿನ ಮಾತು ಬಂದಾಗ ನಕ್ಕಳು, ಆಯಿಯ ಮಾತು ಬಂದಾಗ ಕಣ್ಣೊರೆಸಿಕೊಂಡಳು. ಮುಗಿದ ಮೇಲೆ, “ಚಲೋ ಬರದೀರಿ. ಆದ್ರ ಕಡೀಕ ಇನ್ನೊಂದ ಸಾಲು ಹಾಕ್ರಿ,” ಎಂದಳು.

“ಏನಂತ?”

“ಎರಡನೇದ್ದು ಇನ್ನಾ ಖರೇ ಆಗಿಲ್ಲ ಅಂತ.”